ದೇವಸ್ಥಾನಕ್ಕೆ ಹೋಗಿಬರ್ತೀವಿ

ಅರವತ್ತು ದಾಟಿದ ಹೆಂಗಸು ಈ ಬೆಂಗಳೂರಿನಲ್ಲಿ ಮನೆಯಿಂದ ಹೊರಬೀಳಬೇಕಾದರೆ ಒಂದು ಕಾರಣ ಕೊಡಬೇಕು. ಸುಮ್ಮನೆ ತಿರುಗಾಡಿಕೊಂಡು ಬರ್ತೀನಿ ಅಂದರೆ ಮಗನ ಹುಬ್ಬು ಮೇಲೇರುತ್ತದೆ, ಸೊಸೆ ಬಿ.ಪಿ. ಮಾತ್ರೆಯ ಡಬ್ಬಿ ಹುಡುಕುತ್ತಾಳೆ, ಮೊಮ್ಮಗಳು "ಅಜ್ಜಿ, ಫೋನಲ್ಲಿ ಚಾರ್ಜ್ ಎಷ್ಟಿದೆ?" ಎಂದು ವಿಚಾರಣೆ ಶುರು ಮಾಡುತ್ತಾಳೆ. ಅದೇ "ದೇವಸ್ಥಾನಕ್ಕೆ" ಅಂದು ನೋಡಿ, ಇಡೀ ಮನೆ ಮೆತ್ತಗಾಗಿಬಿಡುತ್ತದೆ. ಯಾವ ದೇವಸ್ಥಾನ, ಎಷ್ಟು ದೂರ, ಒಂದೂ ಕೇಳುವುದಿಲ್ಲ. ಹುಂಡಿಗೆ ಹಾಕಲು ನೂರು ರೂಪಾಯಿ ಬೇರೆ ಕೈಗಿಡುತ್ತಾರೆ. ಆ ನೂರು ಎಷ್ಟು ಸಲ ಗಾಂಧಿಬಜಾರಿನಲ್ಲಿ ಮಸಾಲೆದೋಸೆಯಾಗಿದೆ ಎಂಬುದು ದೇವರಿಗೇ ಗೊತ್ತು. ಅವನೂ ಇಲ್ಲಿಯವರೆಗೆ ಬಾಯಿಬಿಟ್ಟಿಲ್ಲ.

ನಾವು ಅಂದರೆ ನಾಲ್ವರು. ಎರಡು ಜಡೆ, ನೀಲಿ ಲಂಗದ ಕಾಲದಿಂದ ಒಂದೇ ಬೆಂಚಿನವರು. ಪದ್ಮಿ ನಿವೃತ್ತ ಬ್ಯಾಂಕ್ ಅಧಿಕಾರಿ. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾಗಿ ಹೆಂಗಸರಿಗೆ ಬಸ್ಸು ಬಿಟ್ಟಿಯಾದ ಮೇಲೂ ಅವಳ ಲೆಕ್ಕ ನಿಂತಿಲ್ಲ. ಕಂಡಕ್ಟರು ಕೊಟ್ಟ ಶೂನ್ಯ ಟಿಕೆಟ್ಟುಗಳನ್ನು ಪರ್ಸಿನಲ್ಲಿ ಮಡಿಸಿಟ್ಟು ತಿಂಗಳ ಕೊನೆಗೆ ಸೊನ್ನೆಗಳನ್ನು ಕೂಡುತ್ತಾಳೆ. ಸರೂಗೆ ಮಂಡಿ ಆಪರೇಷನ್ ಆಗಿದೆ, ಸಕ್ಕರೆಯೂ ಇದೆ, ಆದ್ದರಿಂದ ಕಾಲಿಗೆ ಡಾಕ್ಟರು ಬರೆದುಕೊಟ್ಟ ದುಬಾರಿ ಎಂಸಿಆರ್ ಚಪ್ಪಲಿ. ಕಮಲಿಗೆ ಕಿವಿ ಮಂದ. ಮಷಿನ್ ಇದೆ. ತನಗೆ ಬೇಡದ ಮಾತು ಬಂದಾಗ ಅದರ ಬ್ಯಾಟರಿ ಮುಗಿಯುತ್ತದೆ.

ಕಾರ್ತೀಕ ಮಾಸದ ಕಡೇ ಸೋಮವಾರ ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ. ಹಿಂದೆ ಸುಂಕೇನಹಳ್ಳಿ ಕಡೆ ಕಡಲೆಕಾಯಿ ಬೆಳೆಯುತ್ತಿದ್ದರಂತೆ, ಒಂದು ಬಸವ ಬಂದು ಹೊಲ ಮೇಯುತ್ತಿತ್ತಂತೆ, ರೈತರು ಹೊಡೆದಾಗ ಅದು ಅಲ್ಲೇ ಕಲ್ಲಾಗಿ ಕೂತಿತಂತೆ. ತಪ್ಪಾಯಿತೆಂದು ಮೊದಲ ಬೆಳೆಯನ್ನು ಅದಕ್ಕೆ ಒಪ್ಪಿಸುವ ವಾಡಿಕೆ ಬಂತು. ಗುಡಿ ಕಟ್ಟಿಸಿದವರು ಕೆಂಪೇಗೌಡರು, 1537ರಲ್ಲಿ ಅನ್ನುತ್ತಾರೆ. ಕಲ್ಲಾದ ಮೇಲೂ ಬಸವಣ್ಣ ಬೆಳೆಯುತ್ತಲೇ ಇದ್ದನಂತೆ. ಆಮೇಲೆ ತಲೆಯ ಮೇಲೆ ಒಂದು ತ್ರಿಶೂಲ ನೆಟ್ಟು ನಿಲ್ಲಿಸಿದರಂತೆ. ಈ ಕತೆ ಕೇಳಿದಾಗಲೆಲ್ಲ ಸರೂ ತನ್ನ ಸೊಂಟ ನೋಡಿಕೊಂಡು ನಿಟ್ಟುಸಿರು ಬಿಡುತ್ತಾಳೆ.

ನನಗೆ ಈ ಪರಿಷೆಯಲ್ಲಿ ಒಂದು ಹಳೇ ಬಾಕಿ ಇತ್ತು. ಜೈಂಟ್ ವೀಲ್. ಹೈಸ್ಕೂಲಿನಲ್ಲಿದ್ದಾಗ ಹತ್ತುತ್ತೇನೆಂದು ಹಠ ಮಾಡಿದ್ದಕ್ಕೆ ನಮ್ಮಪ್ಪ, "ಹೆಣ್ಣುಮಕ್ಕಳಿಗೆ ಅಷ್ಟು ಎತ್ತರ ಯಾಕೆ? ಮದುವೆ ಆದ್ಮೇಲೆ ಗಂಡನ ಜೊತೆ ಹತ್ತು" ಅಂದಿದ್ದರು. ಮದುವೆಯಾಯಿತು. ಯಜಮಾನರಿಗೆ ಸ್ಟೂಲು ಹತ್ತಿದರೇ ತಲೆಸುತ್ತು. "ಮಗ ದೊಡ್ಡವನಾಗಲಿ, ಅವನು ಹತ್ತಿಸ್ತಾನೆ ಬಿಡು" ಅಂದರು. ಮಗ ದೊಡ್ಡವನಾದ. "ಈ ವಯಸ್ಸಲ್ಲಿ ಇದೆಲ್ಲ ಬೇಕಾಮ್ಮ?" ಅಂದ. ಜೈಂಟ್ ವೀಲ್ ಹತ್ತುವ ಸರಿಯಾದ ವಯಸ್ಸು ಮಧ್ಯೆ ಯಾವಾಗಲೋ ಬಂದು ಹೋಗಿರಬೇಕು. ನಾನು ಆಗ ಅಡುಗೆಮನೆಯಲ್ಲಿದ್ದೆ ಅಂತ ಕಾಣುತ್ತದೆ.

ಮನೆಯಲ್ಲಿ "ಬಸವಣ್ಣನ ದರ್ಶನಕ್ಕೆ" ಅಂದು ಹೊರಟೆ. ಮಗ ನನ್ನ ಫೋನಿನಲ್ಲಿ ಅದೇನೋ ಒತ್ತಿ ಲೈವ್ ಲೊಕೇಶನ್ ಹಾಕಿದ. ನಾನೆಲ್ಲಿದ್ದೇನೆ ಅಂತ ಅವನ ಆಫೀಸಿನಲ್ಲಿ ಕಾಣುತ್ತದಂತೆ. ಸಂಪಿಗೆ ರಸ್ತೆಯಲ್ಲಿ ಮೆಟ್ರೋ ಹತ್ತಿ ನ್ಯಾಷನಲ್ ಕಾಲೇಜಿನಲ್ಲಿ ಇಳಿದೆ. ಉಳಿದ ಮೂವರು ಬಸ್ಸಿನಲ್ಲಿ ಬಂದಿದ್ದರು, ಪದ್ಮಿಯ ಕೈಯಲ್ಲಿ ಹೊಸ ಸೊನ್ನೆ.

ಮೊದಲು ದರ್ಶನವನ್ನೇ ಮಾಡಿದೆವು, ಹೇಳಿದ ಮಾತು ಸುಳ್ಳಾಗಬಾರದಲ್ಲ. ದೊಡ್ಡಗಣಪತಿಗೂ ಕೈಮುಗಿದೆವು. ಆಮೇಲೆ ವ್ಯಾಪಾರ. ಬುಲ್ ಟೆಂಪಲ್ ರಸ್ತೆಯ ಎರಡೂ ಕಡೆ ಕಡಲೆಕಾಯಿ ಗುಡ್ಡೆ: ಹಸಿ, ಹುರಿದದ್ದು, ಬೇಯಿಸಿದ್ದು. ನಡುವೆ ಬೆಂಡು ಬತ್ತಾಸು, ಕಲ್ಯಾಣಸೇವೆ, ಬಳೆ, ಪೀಪಿ. ಮಾಗಡಿ ಕಡೆಯ ಅಜ್ಜನೊಬ್ಬ ಸೇರಿನಲ್ಲಿ ಅಳೆದು ಹಾಕಿದ. ಕಮಲಿ ಕೊಸರು ಕೇಳಿದಳು. ಒಂದು ಹಿಡಿ ಹಾಕಿದ. "ಇದು ಕೊಸರಾ?" ಅಂದಳು. ಇನ್ನೊಂದು ಹಿಡಿ. "ಸಾಕು ತಾಯಿ, ನಾನೂ ಮನೆಗೆ ಹೋಗ್ಬೇಕು" ಅಂತ ಅಜ್ಜ ಅಂದಾಗ ಅವಳ ಮಷಿನ್ ಬ್ಯಾಟರಿ ಮುಗಿಯಿತು. ಕೊಸರೇ ಅರ್ಧ ಸೇರು ಆಗಿ, ಬಟ್ಟೆಯ ಚೀಲಗಳು ಹೊಟ್ಟೆ ಉಬ್ಬಿಸಿಕೊಂಡವು.

ಜೈಂಟ್ ವೀಲ್ ಹತ್ತಿರ ನಿಂತಿದ್ದ ಹುಡುಗನಿಗೆ ಇಪ್ಪತ್ತು ದಾಟಿರಲಿಲ್ಲ. "ಅಜ್ಜಿ, ಮೊಮ್ಮಕ್ಕಳೆಲ್ಲಿ?" ಅಂದ.

"ಮೊಮ್ಮಕ್ಕಳಿಗೆ ಪರೀಕ್ಷೆ. ನಾವೇ ಹತ್ತೋದು. ಮತ್ತೆ ಅಜ್ಜಿ ಅಲ್ಲ, ಆಂಟಿ ಅನ್ನಬೇಕು" ಅಂದಳು ಕಮಲಿ. ಈ ಮಾತಿಗೆ ಅವಳ ಕಿವಿ ಬಹಳ ಚುರುಕು.

ಪದ್ಮಿ ಕನ್ನಡಕ ಏರಿಸಿ ಒಂದೊಂದೇ ನಟ್ಟು ಬೋಲ್ಟು ಪರೀಕ್ಷಿಸಿದಳು. ಸಾಲ ಕೊಡುವ ಮುಂಚೆ ಜಮೀನು ನೋಡಲು ಹೋಗುತ್ತಿದ್ದಳಲ್ಲ, ಆ ಗಾಂಭೀರ್ಯ. "ಇದನ್ನ ಕೊನೇ ಸಲ ಯಾವಾಗ ಚೆಕ್ ಮಾಡಿಸಿದ್ದು?" "ಈಗ ನೀವೇ ಮಾಡಿದ್ರಲ್ಲ ಆಂಟಿ" ಅಂದ ಹುಡುಗ. ಆಮೇಲೆ ನಮ್ಮ ನಾಲ್ವರನ್ನೂ ಮೇಲಿಂದ ಕೆಳಗೆ ಅಳೆದು, "ಒಂದೇ ತೊಟ್ಟಿಲಲ್ಲಿ ಬೇಡ, ಬ್ಯಾಲೆನ್ಸ್ ಆಗಲ್ಲ. ಇಬ್ಬಿಬ್ಬರು ಎದುರುಬದುರು" ಎಂದು ತೀರ್ಪು ಕೊಟ್ಟ. ಒಂದೇ ಬೆಂಚಿನವರನ್ನು ಬೇರೆ ಮಾಡಿದ್ದು ಅಂದಿಗೆ ಎರಡನೇ ಸಲ. ಮೊದಲನೆಯದು ಒಂಬತ್ತನೇ ಕ್ಲಾಸಿನಲ್ಲಿ, ಮಾತು ಜಾಸ್ತಿ ಎಂದು.

ಸರೂನ ಮಂಡಿ ಮಡಚದು. ಹಿಂದಿನಿಂದ ಪದ್ಮಿ ತಳ್ಳಿ, ಮುಂದಿನಿಂದ ನಾನು ಎಳೆದು, ಸಾಲಿನಲ್ಲಿದ್ದವರೆಲ್ಲ "ಐಸಾ" ಅಂದು, ಹೇಗೋ ಅವಳು ನನ್ನ ತೊಟ್ಟಿಲು ಸೇರಿದಳು. ಪದ್ಮಿ, ಕಮಲಿ ಆಚೆಯದರಲ್ಲಿ.

ಒಂದೊಂದೇ ತೊಟ್ಟಿಲು ತುಂಬಿಸಲು ಚಕ್ರ ಸ್ವಲ್ಪ ಸ್ವಲ್ಪ ಏರಿ ನಿಲ್ಲುತ್ತದೆ ಎಂದು ನಮಗೇನು ಗೊತ್ತು? ಸರಿಯಾಗಿ ನೆತ್ತಿಗೆ ಹೋದಾಗ ನಿಂತಿತು. ಗಾಳಿಗೆ ತೊಟ್ಟಿಲು ಕಿರ್ ಎಂದಿತು. ಸರೂ ನನ್ನ ಕೈಯನ್ನು ಹಿಡಿದ ಬಿಗಿಯಲ್ಲಿ ಎರಡು ಬಳೆ ಹೋದವು. ಬ್ಯೂಗಲ್ ರಾಕ್ ಮರಗಳಲ್ಲಿ ಬಾವಲಿಗಳು ತಲೆಕೆಳಗಾಗಿ ನೇತಾಡುತ್ತಿದ್ದವು. ನಮಗಿಂತ ಅವೇ ನೆಮ್ಮದಿಯಾಗಿದ್ದಂತೆ ಕಂಡವು.

ಆಗ ಫೋನು ಬಂತು. ಮಗ.

"ಅಮ್ಮಾ, ದೇವಸ್ಥಾನದ ಹತ್ರಾನೇ ಇದ್ದೀಯ ಅಂತ ತೋರಿಸ್ತಿದೆ. ಬಹಳ ಹೊತ್ತಿಂದ ಅಲ್ಲಾಡೇ ಇಲ್ವಲ್ಲ, ಕ್ಯೂ ಇದೆಯಾ?"

ಮಕ್ಕಳ ಲೊಕೇಶನ್ನಿನಲ್ಲಿ ರಸ್ತೆ ತೋರಿಸುತ್ತದೆ, ಎತ್ತರ ತೋರಿಸುವುದಿಲ್ಲ. ವಿಜ್ಞಾನ ಅಷ್ಟರಮಟ್ಟಿಗೆ ಹೆಂಗಸರ ಪರವಾಗಿದೆ.

"ಹೂಂ ಕಣೋ. ದೇವರಿಗೆ ಬಹಳ ಹತ್ತಿರ ಇದ್ದೀನಿ" ಅಂದೆ.

ಅಷ್ಟರಲ್ಲಿ ಕೆಳಗೆ ಎಲ್ಲ ತೊಟ್ಟಿಲೂ ತುಂಬಿ ಚಕ್ರ ಜೋರಾಗಿ ತಿರುಗತೊಡಗಿತು. ಹೊಟ್ಟೆಯೊಳಗಿನ ಬೆಳಗಿನ ಅವಲಕ್ಕಿ ಒಂದು ಕ್ಷಣ ನನಗಿಂತ ಮೇಲಿತ್ತು. ಎದುರಿನಿಂದ ಕಮಲಿ, "ಅಯ್ಯಯ್ಯೋ ಶಿವನೇ! ಮಹಾದೇವಾ! ಇಳಿಸ್ರಪ್ಪೋ!" ಎಂದು ಕೂಗತೊಡಗಿದಳು. ಸುತ್ತಲಿನ ಹುಡುಗಿಯರ ಕಿರುಚಾಟ ಬೇರೆ.

"ಏನಮ್ಮಾ ಅದು ಗಲಾಟೆ?"

"ಮಂಗಳಾರತಿ! ಇಡ್ತೀನಿ!"

ಸರೂನ ಚೀಲದ ಕೆಳಗಿನ ಹೊಲಿಗೆ ಬಿಚ್ಚಿದ್ದು ಆ ಹೊತ್ತಿಗೆ. ಕಮಲಿ ಕಷ್ಟಪಟ್ಟು ಗಿಟ್ಟಿಸಿದ ಕೊಸರು ಸಮೇತ ಅಷ್ಟೂ ಕಡಲೆಕಾಯಿ ಬಸವನಗುಡಿಯ ಮೇಲೆ ಸುರಿಯಿತು. ಕೆಳಗಿದ್ದ ಜನ ಮೇಲೆ ನೋಡಿದರು. ಒಂದಿಬ್ಬರು ಪ್ರಸಾದವೇ ಇರಬೇಕೆಂದು ಸೆರಗೊಡ್ಡಿದ್ದನ್ನು ನಾನು ಕಣ್ಣಾರೆ ಕಂಡೆ. ಚೀಲ ಹಿಡಿಯಲು ಸರೂ ಕಾಲು ಝಾಡಿಸಿದಳು. ಎಡಗಾಲಿನ ಎಂಸಿಆರ್ ಚಪ್ಪಲಿ ಕಡಲೆಕಾಯಿಯ ಹಿಂದೆಯೇ ಹೊರಟು, ಬತ್ತಾಸಿನ ಅಂಗಡಿಯ ಟಾರ್ಪಾಲಿನ ಮೇಲೆ ಒಮ್ಮೆ ಪುಟಿದು, ಜನಸಾಗರದಲ್ಲಿ ಮಾಯವಾಯಿತು.

ಇಳಿದ ಮೇಲೆ ಹುಡುಕಿದೆವು. ಅಷ್ಟು ಜನರ ನಡುವೆ ಸಿಕ್ಕೀತೇ? ಪದ್ಮಿಯ ಮುಖ ಬಿಳುಚಿಕೊಂಡಿತ್ತು, ಕಮಲಿ ಮಾತ್ರ "ಇನ್ನೊಂದು ಸುತ್ತು ಹೋಗೋಣ್ವಾ?" ಅನ್ನುತ್ತಿದ್ದಳು. ಸರೂ ಒಂಟಿ ಚಪ್ಪಲಿಯಲ್ಲಿ ನಿಂತು, "ಸೊಸೆಗೆ ಏನು ಹೇಳಲಿ?" ಎಂದು ಅಳುಮುಖ ಮಾಡಿದಳು.

"ದೇವಸ್ಥಾನದಲ್ಲಿ ಚಪ್ಪಲಿ ಕಳೀತು ಅನ್ನು. ಅದಕ್ಕಿಂತ ನಂಬುವ ಮಾತು ಯಾವುದಿದೆ?" ಅಂದೆ.

ಪದ್ಮಿಯ ಆಡಿಟ್ ಬುದ್ಧಿ ಎಚ್ಚರವಾಯಿತು. "ತಾಳು. ಒಂದೇ ಚಪ್ಪಲಿ ಕದಿಯೋ ಕಳ್ಳ ಎಲ್ಲಿದ್ದಾನೆ? ಆ ಇನ್ನೊಂದನ್ನೂ ಬಿಡಬೇಕಾಗುತ್ತೆ."

ನಾಲ್ವರೂ ಆ ಬಲಗಾಲಿನ ಚಪ್ಪಲಿಯನ್ನು ನೋಡಿದೆವು. ಹೊಚ್ಚಹೊಸದು. ಸರೂ ಅದನ್ನು ಕಳಚಿ, ಒರೆಸಿ, ಒಂದು ಮರದ ಬುಡದಲ್ಲಿ ಇಟ್ಟಳು. ಪಕ್ಕದ ಗಾಡಿಯಲ್ಲಿ ಹವಾಯಿ ಚಪ್ಪಲಿ ಕೊಂಡೆವು, ಹುಂಡಿಯ ನೂರು ಕೆಲಸಕ್ಕೆ ಬಂತು.

ರಾತ್ರಿ ಸರೂ ಫೋನು ಮಾಡಿದಳು. ಸೊಸೆ ಒಂದು ಮಾತೂ ಬೈಯಲಿಲ್ಲವಂತೆ. "ದೇವಸ್ಥಾನದಲ್ಲಿ ಕಳೀತಾ? ಒಳ್ಳೇದೇ ಆಯ್ತು ಬಿಡಿ ಅತ್ತೆ, ಶನಿ ಕಾಟ ಹೋಯ್ತು" ಎಂದು ಆಗಿಂದಾಗಲೇ ಹೊಸ ಜೋಡಿ ಆರ್ಡರ್ ಮಾಡಿದಳಂತೆ. ಈಗ ಸರೂಗೆ ಧೈರ್ಯ ಎಷ್ಟು ಬಂದಿದೆ ಅಂದರೆ, ಮುಂದಿನದು ಶಿವಗಂಗೆ ಅಂತ ಅವಳೇ ಘೋಷಿಸಿದ್ದಾಳೆ. ಡಾಬಸ್‌ಪೇಟೆಯವರೆಗೆ ಬಸ್ಸಿದೆ, ಅದೂ ಸೊನ್ನೆಗೆ, ಪದ್ಮಿ ವಿಚಾರಿಸಿಯಾಗಿದೆ. ಬೆಟ್ಟದ ತುದಿಯಲ್ಲಿ ಬಂಡೆಯ ಅಂಚಿಗೆ ಕೂತ ನಂದಿಯನ್ನು ಸುತ್ತಿಬರಬೇಕು ಎಂದು ಕಮಲಿಗೆ ನಾವು ಬರೆದೇ ತೋರಿಸಿದೆವು. ಓದಿ, ಹೂಂ ಅಂದಳು.

ನಿನ್ನೆ ಊಟಕ್ಕೆ ಕೂತಾಗ ಮೆಲ್ಲಗೆ ವಿಷಯ ತೆಗೆದೆ.

"ದೇವಸ್ಥಾನ ತಾನೇ, ಹೋಗಿ ಬಾ" ಅಂದ ಮಗ, ಸಾರನ್ನ ಕಲಸುತ್ತಾ. ಆಮೇಲೆ ಏನೋ ನೆನಪಾದವನಂತೆ ತಲೆಯೆತ್ತಿದ. "ಮೆಟ್ಟಿಲು ಜಾಸ್ತಿ ಇಲ್ಲ ತಾನೇ?"

"ಇರಬಹುದು, ಒಂದೆರಡು" ಅಂದೆ. "ಇನ್ನು ಸ್ವಲ್ಪ ತುಪ್ಪ ಹಾಕಲಾ?"