ಐದು ನಿಮಿಷದ ಕೆಲಸಕ್ಕೆ ಆರುನೂರು ರೂಪಾಯಿ

ಮೊನ್ನೆ ನಮ್ಮ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪಿನಲ್ಲಿ ಒಬ್ಬರು ಸಿಟ್ಟಾಗಿ ಬರೆದಿದ್ದರು. ಕೀಲಿಕೈ ಒಳಗೇ ಬಿಟ್ಟು ಬಾಗಿಲು ಎಳೆದುಕೊಂಡಿದ್ದರಂತೆ. ಬೀಗ ತೆಗೆಯುವ ಹುಡುಗ ಬಂದವನು ಐದೇ ನಿಮಿಷದಲ್ಲಿ ತೆಗೆದು 600 ರೂಪಾಯಿ ಕೇಳಿದನಂತೆ. ‘ಹಗಲು ದರೋಡೆ’ ಅಂದಿದ್ದರು. ಹೌದು ಹೌದು ಅಂತ ಹತ್ತಾರು ಜನ ದನಿಗೂಡಿಸಿದ್ದರು. ನಾನು ಉತ್ತರ ಬರೆಯಲು ಹೋಗಿ ಅಳಿಸಿದೆ. ಎರಡು ಸಾಲಿನಲ್ಲಿ ಹೇಳಿ ಮುಗಿಸುವ ಮಾತಲ್ಲ ಅದು. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮಪ್ಪ ಕೀಲಿಕೈ ಮಾಡುತ್ತಿದ್ದರು. ದಾವಣಗೆರೆಯಲ್ಲಿ, ಹಳೇ ಬಸ್ ಸ್ಟ್ಯಾಂಡಿನ ಹತ್ತಿರ. ಒಂದು ಕಪ್ಪು ಕೊಡೆ, ಒಂದು ಮರದ ಪೆಟ್ಟಿಗೆ, ತಂತಿಗೆ ಪೋಣಿಸಿ ನೇತುಹಾಕಿದ ನೂರಾರು ಕೀಲಿಕೈ. 27 ವರ್ಷ ಅಲ್ಲೇ ಕೂತರು. ನಾನು, ನನ್ನ ತಮ್ಮ ಓದಿದ್ದು ಆ ಕೊಡೆಯ ಕೆಳಗಿನ ದುಡಿಮೆಯಲ್ಲಿ.

ಅವರೇನು ಆಸೆಪಟ್ಟು ಈ ಕೆಲಸಕ್ಕೆ ಬಂದವರಲ್ಲ. ದಾವಣಗೆರೆಯನ್ನು ಆಗ ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುತ್ತಿದ್ದರು, ಅಷ್ಟು ಹತ್ತಿ ಮಿಲ್ಲುಗಳಿದ್ದವು. ಅಪ್ಪ ಒಂದು ಮಿಲ್ಲಿನಲ್ಲಿ ಫಿಟ್ಟರ್. ಆಮೇಲೆ ಮಿಲ್ಲುಗಳು ಒಂದೊಂದಾಗಿ ನಿಲ್ಲುತ್ತಾ ಬಂದವು. 1989ರಲ್ಲಿ ಅಪ್ಪನ ಮಿಲ್ಲಿಗೂ ಬೀಗ ಬಿತ್ತು. ಜೊತೆಯವರಲ್ಲಿ ಕೆಲವರು ಮಂಡಕ್ಕಿ ಭಟ್ಟಿಗೆ ಹೋದರು, ಕೆಲವರು ಆಟೋ ಹಿಡಿದರು. ಅಪ್ಪನಿಗೆ ಗೊತ್ತಿದ್ದದ್ದು ಅರ ಹಿಡಿಯುವುದು. ಫಿಟ್ಟರ್ ಆಗುವವನಿಗೆ ಮೊದಲು ಕಲಿಸುವುದೇ ಅದನ್ನು. ಕಬ್ಬಿಣದ ತುಂಡನ್ನು ಉಜ್ಜಿ ಉಜ್ಜಿ ಸಮ ಮಾಡಬೇಕು, ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಆಗಬಾರದು.

ಆ ಅರವನ್ನು ಕೀಲಿಕೈ ಮೇಲೆ ಆಡಿಸಲು ಕಲಿಸಿದವರು ಬಸ್ ಸ್ಟ್ಯಾಂಡಿನಲ್ಲೇ ಕೂರುತ್ತಿದ್ದ ಒಬ್ಬ ಪೇಟದ ಅಜ್ಜ. ಸಿಕಲಿಗಾರರು. ಹಿಂದೆ ಕತ್ತಿ, ಈಟಿ ಮಾಡಿ ಸಾಣೆ ಹಿಡಿಯುತ್ತಿದ್ದ ಜನ ಅವರು. ಆಯುಧಗಳ ಕಾಲ ಮುಗಿದ ಮೇಲೆ ಎಷ್ಟೋ ಮನೆತನಗಳು ಚಾಕು, ಕತ್ತರಿ, ಕೀಲಿಕೈ ಕೆಲಸ ಹಿಡಿದು ಊರೂರು ಸೇರಿದವು. ಅಜ್ಜ ಅಪ್ಪನಿಂದ ಒಂದು ಪೈಸೆಯನ್ನೂ ತಗೊಳ್ಳಲಿಲ್ಲ. ಪಕ್ಕದಲ್ಲಿ ಕೂತು ನೋಡು ಅಂದರು, ಅಷ್ಟೇ. ಈ ಕೆಲಸಕ್ಕೆ ಜನ ಯಾಕೆ ಬರುತ್ತಾರೆ ಅಂತ ಯಾರಾದರೂ ಕೇಳಿದರೆ ನನಗೆ ನೆನಪಾಗುವುದು ಇದು. ಬೇರೆ ದಾರಿ ಮುಚ್ಚಿರುತ್ತದೆ, ಯಾರೋ ಒಬ್ಬರು ಪಕ್ಕದಲ್ಲಿ ಕೂರಿಸಿಕೊಳ್ಳುತ್ತಾರೆ.

ಡೂಪ್ಲಿಕೇಟ್ ಮಾಡುವುದು ಸುಲಭ. ಮಾದರಿ ಕಣ್ಣೆದುರೇ ಇರುತ್ತದೆ, ಈಗಂತೂ ಮೆಷಿನ್ನೇ ಕೊರೆಯುತ್ತದೆ. ಕೀಲಿಕೈ ಕಳೆದುಹೋಗಿ ಬರೀ ಬೀಗ ಇದ್ದಾಗ ನಿಜವಾದ ಕೆಲಸ. ಸ್ಕೂಲು ಬಿಟ್ಟ ಮೇಲೆ ಅಪ್ಪನ ಪಕ್ಕ ಕೂತು ಅದನ್ನು ಎಷ್ಟು ಸಲ ನೋಡಿದ್ದೇನೋ. ಹಲ್ಲಿಲ್ಲದ ಹೊಸ ಕೀಲಿಕೈಯನ್ನು ಚಿಮಣಿ ದೀಪದ ಮೇಲೆ ಹಿಡಿದು ಮಸಿ ಹತ್ತಿಸುತ್ತಿದ್ದರು. ಬೀಗಕ್ಕೆ ತೂರಿಸಿ, ಬಿಗಿಯಾಗಿ ತಿರುವಿ, ಮೇಲೆ ಕೆಳಗೆ ಸ್ವಲ್ಪ ಅಲುಗಿಸಿ ಹೊರಗೆ ತೆಗೆಯುತ್ತಿದ್ದರು. ಮಸಿಯ ಮೇಲೆ ಸಾಸಿವೆಗಿಂತ ಸಣ್ಣದೊಂದು ಹೊಳಪು. ನನಗೆ ಅದು ಕಾಣುತ್ತಲೇ ಇರಲಿಲ್ಲ. ಅಪ್ಪ ಬಿಸಿಲಿಗೆ ಓರೆಯಾಗಿ ಹಿಡಿದು ತೋರಿಸುತ್ತಿದ್ದರು. ಅಲ್ಲಿ ಎರಡು ಸಲ ಅರ ಆಡಿಸಿ, ಮತ್ತೆ ಮಸಿ, ಮತ್ತೆ ಬೀಗ. ಒಂದು ಸಲ ಜಾಸ್ತಿ ಉಜ್ಜಿದರೆ ಮುಗೀತು, ಆ ಕೀಲಿಕೈ ಬಿಸಾಕಿ ಮೊದಲಿಂದ ಶುರು ಮಾಡಬೇಕು.

ಒಳಗೆ ನಡೆಯುವುದು ಇಷ್ಟು. ಬೀಗದಲ್ಲಿ ಐದಾರು ಸಣ್ಣ ಪಿನ್ನುಗಳ ಸಾಲು ಇರುತ್ತದೆ. ಪ್ರತಿ ಪಿನ್ನೂ ಎರಡು ತುಂಡು, ಹಿಂದೆ ಒಂದು ಸ್ಪ್ರಿಂಗು. ಎಲ್ಲ ಪಿನ್ನುಗಳ ಕೂಡುವ ಜಾಗ ಒಂದೇ ಗೆರೆಗೆ ಬಂದರೆ ಮಾತ್ರ ನಡುವಿನ ಉರುಳೆ ತಿರುಗುತ್ತದೆ. ಇನ್ನೂ ಗೆರೆಗೆ ಬಾರದ ಪಿನ್ನು ಸಿಕ್ಕಿಕೊಂಡು ಮಸಿಯ ಮೇಲೆ ಗುರುತು ಒತ್ತುತ್ತದೆ. ಗುರುತು ಬೀಳುವುದು ನಿಂತಿತೋ, ಆ ಪಿನ್ನು ಸರಿಹೋಯಿತು ಅಂತ ಅರ್ಥ. ಅಮೆರಿಕದ ಲೈನಸ್ ಯೇಲ್ 1861ರಲ್ಲಿ ಪೇಟೆಂಟ್ ಪಡೆದ ಬೀಗದ ರೀತಿ ಇದು. ಇದೇ ಉಪಾಯದ ಮರದ ಬೀಗಗಳು ಸಾವಿರಾರು ವರ್ಷದ ಹಿಂದೆಯೇ ಈಜಿಪ್ಟಿನಲ್ಲಿದ್ದವು. ಅಪ್ಪನಿಗೆ ಯೇಲ್ ಯಾರೆಂದು ಗೊತ್ತಿರಲಿಲ್ಲ. ಪಿನ್ನು ಮಾತ್ರ ಬೆರಳ ತುದಿಗೆ ಗೊತ್ತಾಗುತ್ತಿತ್ತು.

ಬೀಗ ಒಡೆಯುವುದನ್ನು ಅಪ್ಪ ಒಪ್ಪುತ್ತಿರಲಿಲ್ಲ. ಸುತ್ತಿಗೆ ಇದ್ದರೆ ಯಾರು ಬೇಕಾದರೂ ಒಡೀಬಹುದು ಅನ್ನುತ್ತಿದ್ದರು. ಅಲಿಗಢದ ಅಗ್ಗದ ಬೀಗವಾದರೂ ಅಷ್ಟೇ, ಗೋದ್ರೆಜ್‌ನ ನವ್‌ತಾಲ್ ಆದರೂ ಅಷ್ಟೇ. ಒಂದು ಗೀರೂ ಬೀಳದ ಹಾಗೆ ತೆಗೆದು, ಎರಡು ಹನಿ ಎಣ್ಣೆ ಬಿಟ್ಟು, ಒರೆಸಿ ಕೊಡುತ್ತಿದ್ದರು.

ಒಂದು ದೀಪಾವಳಿ ಅಮಾವಾಸ್ಯೆ. ಒಬ್ಬ ಸಾಹುಕಾರರ ಅಂಗಡಿಯಲ್ಲಿ ಲಕ್ಷ್ಮೀ ಪೂಜೆಯ ಹೊತ್ತಿಗೆ ತಿಜೋರಿಯ ಕೀಲಿಕೈ ಇಲ್ಲ. ಆಳು ಬಂದು ಅಪ್ಪನನ್ನು ಕರೆದ. ಬ್ಯಾಟರಿ ಹಿಡಿಯಲು ನಾನೂ ಹೋದೆ, ನನಗಾಗ ಹದಿನಾಲ್ಕು. ಬಾಳೆಕಂದು, ಚೆಂಡು ಹೂವು, ಹೊಸ ಸೀರೆಯ ಹೆಂಗಸರು, ಮೂಲೆಯಲ್ಲಿ ಗೋಡೆಗೆ ಒರಗಿ ಕಾಯುತ್ತಿದ್ದ ಪುರೋಹಿತರು. ಅಪ್ಪ ತಿಜೋರಿಯ ಮುಂದೆ ಮಂಡಿಯೂರಿ ಕೂತರು. ಮುಕ್ಕಾಲು ಗಂಟೆ ಯಾರೂ ಮಾತಾಡಲಿಲ್ಲ. ಒಳಗೆ ಕಟ್ ಅಂತು. ಹಿಡಿ ತಿರುಗಿತು. ಅಪ್ಪ ಬಾಗಿಲು ಎಳೆಯಲಿಲ್ಲ. ಎದ್ದು, ತಿಜೋರಿಗೆ ಬೆನ್ನು ಮಾಡಿ ನಿಂತು, ‘ನೀವೇ ತಗೀರಿ ಸಾವ್ಕಾರ್ರೆ’ ಅಂದರು. ನನ್ನ ಹೆಗಲು ಹಿಡಿದು ನನ್ನನ್ನೂ ಆಚೆ ತಿರುಗಿಸಿದರು.

ಅವತ್ತು ಕೇಳಿದಷ್ಟು ಕೊಟ್ಟರು, ಜೊತೆಗೆ ಸಿಹಿ ಪೊಟ್ಟಣ. ಯಾಕೆ ಅಂತ ಆಮೇಲೆ ಹೊಳೆಯಿತು. ಮುಕ್ಕಾಲು ಗಂಟೆ ಬೆವರಿದ್ದನ್ನು ಅವರು ಕಣ್ಣಾರೆ ನೋಡಿದ್ದರು. ಅದೇ ಅಪ್ಪ ಮುಂದೆ ಅಂಥದೇ ತಿಜೋರಿಯನ್ನು ಹತ್ತು ನಿಮಿಷದಲ್ಲಿ ತೆಗೆಯುವ ಹಾಗಾದಾಗ ಜನ ಚೌಕಾಸಿಗೆ ನಿಂತರು. ‘ಇಷ್ಟಕ್ಕೆ ಇಷ್ಟು ದುಡ್ಡಾ?’ ಕೈ ಪಳಗಿದಷ್ಟೂ ಕೂಲಿ ಕಮ್ಮಿ. ಇದೆಂಥ ಲೆಕ್ಕ, ನೀವೇ ಹೇಳಿ. ಡಾಕ್ಟರು ಐದು ನಿಮಿಷದಲ್ಲಿ ಕಾಯಿಲೆ ಕಂಡುಹಿಡಿದರೆ ಕೈಗುಣ ಅನ್ನುತ್ತೇವೆ, ಅಲ್ವಾ?

ಲಂಡನ್ನಿನಲ್ಲಿ ಬ್ರಾಮಾ ಅನ್ನುವ ಬೀಗದ ಕಂಪನಿ ಅಂಗಡಿಯ ಕಿಟಕಿಯಲ್ಲಿ ಒಂದು ಬೀಗ ಇಟ್ಟು, ತೆಗೆದವರಿಗೆ 200 ಗಿನಿ (ಆಗಿನ ಇಂಗ್ಲೆಂಡಿನ ಹಣ) ಕೊಡುತ್ತೇವೆ ಅಂತ ಸವಾಲು ಹಾಕಿತ್ತು. ಹಲವು ದಶಕ ಯಾರಿಂದಲೂ ಆಗಲಿಲ್ಲ. 1851ರಲ್ಲಿ ಹಾಬ್ಸ್ ಅನ್ನುವ ಅಮೆರಿಕದವನು ತೆಗೆದ. 16 ದಿನಗಳಲ್ಲಿ ಬಿಟ್ಟು ಬಿಟ್ಟು ಒಟ್ಟು 51 ಗಂಟೆ ಹಿಡಿಯಿತು. ಹಣವೂ ಸಿಕ್ಕಿತು, ಹೆಸರೂ ಬಂತು. ಅಪ್ಪನಿಗೆ ಈ ಕಥೆ ಹೇಳಿದಾಗ ಅವರು ಹಣದ ಬಗ್ಗೆ ಏನೂ ಕೇಳಲಿಲ್ಲ. ‘ಊಟಕ್ಕೆ ಎದ್ದು ಬಂದ ಮೇಲೆ ಕೈ ಮತ್ತೆ ಹೆಂಗೆ ಕೂಡಿಸಿಕೊಂಡನಂತೆ?’ ಅಂದರು.

ದುಡ್ಡಿಗಿಂತ ನೋಯಿಸುತ್ತಿದ್ದದ್ದು ಅನುಮಾನ. ನಮ್ಮ ಬೀದಿಯಲ್ಲಿ ಎಲ್ಲಿ ಕಳ್ಳತನವಾದರೂ ಅವತ್ತು ಅಪ್ಪನ ಕಡೆ ಒಂದೆರಡು ಕಣ್ಣು ತಿರುಗುತ್ತಿದ್ದವು. ಅದಕ್ಕೇ ಅವರದು ಕಟ್ಟುನಿಟ್ಟು. ಮನೆ ಬಾಗಿಲು ತೆಗೆಯಬೇಕಾದರೆ ಪಕ್ಕದ ಮನೆಯವರು ಬಂದು ನಿಲ್ಲಬೇಕು. ಕೀಲಿಕೈಯನ್ನು ಸೋಪಿನ ಮೇಲೆ ಒತ್ತಿದ ಅಚ್ಚು ತಂದರೆ ಮುಟ್ಟುತ್ತಲೇ ಇರಲಿಲ್ಲ. ಒಮ್ಮೆ ಒಬ್ಬ ಹುಡುಗ ಸೋಪು ತಂದು, ಐನೂರರ ನೋಟು ಹಿಡಿದು ನಿಂತಿದ್ದ. ಅವತ್ತು ನಮ್ಮ ಗಳಿಕೆ ನಲವತ್ತು ರೂಪಾಯಿ. ಅಪ್ಪ ತಲೆ ಎತ್ತಲಿಲ್ಲ. ‘ಬೀಗ ತಗೊಂಡು ಬಾ ತಮ್ಮಾ’ ಅಂದರು. ಅವನು ಮತ್ತೆ ಬರಲಿಲ್ಲ.

ಲಾಭದ ಕೆಲಸವಾ ಅಂದರೆ, ಅಲ್ಲ. ಮಳೆ ಬಂದರೆ ಗಳಿಕೆ ಇಲ್ಲ. ಪಿಂಚಣಿ ಇಲ್ಲ. ರಸ್ತೆ ಅಗಲ ಮಾಡುವಾಗ ಎರಡು ಸಲ ಎತ್ತಂಗಡಿಯಾಯಿತು. ಬೀದಿ ಬದಿ ವ್ಯಾಪಾರಿಗಳಿಗೆ ರಕ್ಷಣೆ ಕೊಡುವ ಕಾಯ್ದೆ ಬಂದದ್ದು 2014ರಲ್ಲಿ, ಅಪ್ಪ ಕೊಡೆ ಮಡಚುವ ಎರಡು ವರ್ಷ ಮೊದಲು. ಆದರೆ ಬೀಗ ತೆಗೆದ ದಿನ ಅಪ್ಪ ಮನೆಗೆ ಬರುವ ನಡಿಗೆಯೇ ಬೇರೆ ಇರುತ್ತಿತ್ತು. ನಾನು ಆಫೀಸಿನಿಂದ ಹಾಗೆ ನಡೆದು ಬಂದ ದಿನಗಳು ತೀರಾ ಕಮ್ಮಿ. ಇದನ್ನು ಮನಸ್ಸಿನಿಂದ ಹೇಳುತ್ತಿದ್ದೇನೆ.

ಈಗ ಆ ಜಾಗದಲ್ಲಿ ಅಪ್ಪನ ಶಿಷ್ಯ ಕೂರುತ್ತಾನೆ. ಕಾರಿನ ಕೀಲಿಕೈಯಲ್ಲಿ ಚಿಪ್ ಇರುತ್ತದೆ. ಹಲ್ಲು ಸರಿಯಾಗಿ ಕೊರೆದರೂ ಚಿಪ್ ಹೊಂದದೆ ಇಂಜಿನ್ ಶುರುವಾಗುವುದಿಲ್ಲ. ಸಾಲ ಮಾಡಿ ಅದಕ್ಕೊಂದು ಯಂತ್ರ ತಂದಿದ್ದಾನೆ. ಅರದ ಡಬ್ಬಿಯನ್ನೂ ಬಿಟ್ಟಿಲ್ಲ.

ನನ್ನ ಕಥೆಯನ್ನೂ ಹೇಳಿಬಿಡುತ್ತೇನೆ. ಹೋದ ವರ್ಷ ಬೆಂಗಳೂರಿನಲ್ಲಿ ನಾನೂ ಹೀಗೇ ಬಾಗಿಲ ಹೊರಗೆ ನಿಂತಿದ್ದೆ. ಬಂದ ಹುಡುಗನಿಗೆ ಇಪ್ಪತ್ತೆರಡು ಇಪ್ಪತ್ತಮೂರು ಇರಬಹುದು. ಮೊದಲು ನನ್ನ ಆಧಾರ್ ಕಾರ್ಡ್ ಕೇಳಿದ. ಪಕ್ಕದ ಮನೆಯವರನ್ನು ಕರೀರಿ ಮೇಡಂ ಅಂದ. ನನಗೆ ಗಂಟಲು ಕಟ್ಟಿತು. ಡ್ರಿಲ್ ಬ್ಯಾಗಿನಲ್ಲೇ ಇತ್ತು, ಅದನ್ನು ತೆಗೆಯಲಿಲ್ಲ. ಎರಡು ಸಣ್ಣ ಕಡ್ಡಿ ಹಿಡಿದು, ಕಣ್ಣು ಮುಚ್ಚಿಕೊಂಡು, ನಾಲ್ಕೇ ನಿಮಿಷದಲ್ಲಿ ತೆಗೆದು ಪಕ್ಕಕ್ಕೆ ಸರಿದು ನಿಂತ. 700 ಅಂದ. ಕೊಟ್ಟೆ.

ರಾತ್ರಿ ಅಪ್ಪನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಎಷ್ಟು ತಗೊಂಡ ಅಂತ ಅವರು ಕೇಳಲೇ ಇಲ್ಲ.

‘ಬೀಗಕ್ಕೇನೂ ಆಗಿಲ್ಲ ತಾನೇ ಅವ್ವಾ?’

‘ಇಲ್ಲಪ್ಪಾ. ಅದೇ ಬೀಗ, ಅದೇ ಕೀಲಿಕೈ.’

‘ಹಂಗಾದ್ರೆ ಕಲ್ತಾನೆ ಹುಡುಗ’ ಅಂದರು.