ಕ್ಯೂಬಿಟ್ ಜೊತೆ ಫಲಾನುಭವಿಯ ಫೋಟೊ

2025ರ ಜುಲೈ ಕೊನೆಯಲ್ಲಿ ಬೆಂಗಳೂರಿನ ಕ್ವಾಂಟಮ್ ಸಮಾವೇಶದಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯನವರು 1,000 ಕೋಟಿ ರೂಪಾಯಿಯ ಕ್ವಾಂಟಮ್ ಮಿಷನ್ ಘೋಷಿಸಿದರು. 2035ರ ಹೊತ್ತಿಗೆ 2,000 ಕೋಟಿ ಡಾಲರ್‌ಗಳ ಕ್ವಾಂಟಮ್ ಆರ್ಥಿಕತೆ ಕಟ್ಟುವುದು ಗುರಿ. ಹೆಸರಘಟ್ಟದಲ್ಲಿ ಕ್ವಾಂಟಮ್ ನಗರಕ್ಕೆ 6.17 ಎಕರೆ. ನಗರಕ್ಕೆ ಆರು ಎಕರೆ ಸಾಕೇ ಎಂದು ಮೂಗು ಮುರಿಯಬೇಡಿ. ಒಳಗೆ ವಾಸಿಸುವವರು ಪರಮಾಣು ಗಾತ್ರದವರು. ಇನ್ನು, ಇದರ ಉಸ್ತುವಾರಿ ಹೊತ್ತ ಸಚಿವ ಬೋಸರಾಜು ಅವರ ಕೈಯಲ್ಲಿ ವಿಜ್ಞಾನ–ತಂತ್ರಜ್ಞಾನದ ಜೊತೆಗೆ ಸಣ್ಣ ನೀರಾವರಿಯೂ ಇತ್ತು. ಕೆರೆ ಮತ್ತು ಕ್ವಾಂಟಮ್ ಕಂಪ್ಯೂಟರ್ ಲೆಕ್ಕ ಮಾಡಲು ಬಳಸುವ ಮೂಲಘಟಕವಾದ ಕ್ಯೂಬಿಟ್, ಎರಡೂ ಸೋರದಂತೆ ಕಾಯಬೇಕಾದವು ಎಂಬ ದೂರದೃಷ್ಟಿ ಇದ್ದೀತು.

ಘೋಷಣೆ ಕೋಟಿಗಳಲ್ಲಾದರೆ ಕೈಗೆ ಬರುವುದು ಲಕ್ಷಗಳಲ್ಲಿ. ರಾಜ್ಯದ ‘ಎಲಿವೇಟ್’ ಯೋಜನೆಯಲ್ಲಿ ಎಳೆಯ ಕಂಪನಿಗೆ ಸಿಗುವ ಅನುದಾನ ಹೆಚ್ಚೆಂದರೆ 50 ಲಕ್ಷ. ಕ್ಯೂಬಿಟ್ ಕೂರಿಸುವ ಶೈತ್ಯಯಂತ್ರದ ಬೆಲೆಯೇ ಕೋಟಿಗಳಲ್ಲಿದೆ. ರಾವಣನ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ.

ನನ್ನ ಪರಿಚಯದ ಹುಡುಗನೊಬ್ಬ ಜಾಣ. ಯಂತ್ರ ಕೊಳ್ಳುವ ಉಸಾಬರಿಗೇ ಹೋಗದೆ, ಅದರೊಳಗೆ ಹಾಕುವ ತಂತಿಗಳನ್ನು ತಯಾರಿಸಲು ಹೊರಟ. ಪರೀಕ್ಷೆಗೆ ಒಂದು ಸಂಸ್ಥೆಯ ಯಂತ್ರವನ್ನು ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಹಿಡಿದ. ಅನುದಾನಕ್ಕೆ ಅರ್ಜಿಯನ್ನೂ ಹಾಕಿದ. ಯಾವ ಅನುದಾನವೆಂದು ಹೇಳಲಾರೆ, ಅವನಿಗೆ ಎರಡನೇ ಕಂತು ಬರಬೇಕಿದೆ.

ಕಂಪನಿ ಹುಟ್ಟಿ ಹನ್ನೊಂದು ತಿಂಗಳಾಗಿತ್ತು. ಅರ್ಜಿಯ ನಮೂನೆಯಲ್ಲಿ ಕಳೆದ ಮೂರು ವರ್ಷಗಳ ವಹಿವಾಟು ಕೇಳಿದ್ದರು. ಮೂವರು ಮಾರಾಟಗಾರರಿಂದ ದರಪಟ್ಟಿ ತರಲು ಹೇಳಿದ್ದರು. ಅವನಿಗೆ ಬೇಕಾದ ಬಿಡಿಭಾಗ ಮಾಡುವವನು ಇದ್ದುದೇ ಒಬ್ಬ. ಆ ಪುಣ್ಯಾತ್ಮನಿಗೆ ಪತ್ರ ಬರೆದು, ನಿಮಗಿಂತ ದುಬಾರಿಯಾದ ಇಬ್ಬರನ್ನು ದಯವಿಟ್ಟು ಸೂಚಿಸಿ ಎಂದು ಕೇಳಿಕೊಂಡ. ಕ್ಯೂಬಿಟ್‌ನ ಆಯುಸ್ಸು ಮೈಕ್ರೊಸೆಕೆಂಡುಗಳಲ್ಲಿ, ಕಡತದ್ದು ಹಣಕಾಸು ವರ್ಷಗಳಲ್ಲಿ. ಅಂತೂ ಮೊದಲ ಕಂತು ಬಂತು. ಬಂದದ್ದು ಮಾರ್ಚ್ 28ಕ್ಕೆ. ಹಣ ಬಳಕೆ ಪ್ರಮಾಣಪತ್ರವನ್ನು ಮಾರ್ಚ್ 31ರೊಳಗೆ ಕೊಡಬೇಕಿತ್ತು.

ಎರಡನೇ ಕಂತಿಗೆ ಸ್ಥಳ ಪರಿಶೀಲನೆ. ಆ ದಿನ ನಾನೂ ಜೊತೆಗಿದ್ದೆ. ಬಂದ ಅಧಿಕಾರಿ ಸಜ್ಜನರೇ. ಕೊಳವೆಬಾವಿ, ಆಶ್ರಯ ಮನೆ, ಮೇಕೆ ಶೆಡ್ಡು ಎಲ್ಲವನ್ನೂ ಪರಿಶೀಲಿಸಿ ಪಳಗಿದವರು. ಯಂತ್ರದ ಸುತ್ತ ಒಂದು ಸುತ್ತು ಬಂದು, “ಫಲಾನುಭವಿ ಇದರ ಪಕ್ಕ ನಿಲ್ಲಲಿ, ಜಿಪಿಎಸ್ ಫೋಟೊ ಬೇಕು. ಕ್ಯೂಬಿಟ್ ಕಾಣಬೇಕು” ಎಂದರು.

“ಸರ್, ಅದು ಒಳಗಿದೆ. ಒಳಗೆ ಬಾಹ್ಯಾಕಾಶಕ್ಕಿಂತಲೂ ಹೆಚ್ಚು ಚಳಿ. ತೆರೆದರೆ ಕೆಲಸ ಕೆಡುತ್ತದೆ” ಎಂದ ಹುಡುಗ.

“ಕೊಳವೆಬಾವಿಯಲ್ಲೂ ನೀರು ಒಳಗೇ ಇರುತ್ತದಪ್ಪ. ಮೋಟರು ಹಾಕಿಸಿ, ನೀರು ಬೀಳುವಾಗಲೇ ಫೋಟೊ ತೆಗೆಯುತ್ತೇವೆ.”

ಹುಡುಗ ನನ್ನ ಮುಖ ನೋಡಿದ. ನಾನು ಗೋಡೆ ನೋಡಿದೆ. ಕಂತಿನ ಆಸೆ ಭೌತಶಾಸ್ತ್ರಕ್ಕಿಂತ ದೊಡ್ಡದು. ಸಂಸ್ಥೆಯವರ ಕೈಕಾಲು ಹಿಡಿದು ಯಂತ್ರ ನಿಲ್ಲಿಸಿದ್ದಾಯಿತು. ಅದು ಬೆಚ್ಚಗಾಗಲು ಒಂದೂವರೆ ದಿನ ಬೇಕಾಯಿತು. ಮರುದಿನ ಸಂಜೆ ಅಧಿಕಾರಿ ತಾಳ್ಮೆಯಿಂದಲೇ ಮತ್ತೆ ಬಂದರು. ಹೊದಿಕೆ ಕಳಚಿದಾಗ ಒಂದರ ಕೆಳಗೊಂದು ತೂಗುವ ತಟ್ಟೆಗಳು ದೇವಸ್ಥಾನದ ದೀಪದ ಗೊಂಚಲಿನಂತೆ ಥಳಥಳಿಸಿದವು.

“ಇದೇನು, ಚಿನ್ನವೇ?”

“ತಾಮ್ರ, ಸರ್. ಮೇಲೆ ಚಿನ್ನದ ಲೇಪ.”

“ಮಾರ್ಗಸೂಚಿಯಲ್ಲಿ ಆಭರಣ ಖರೀದಿಗೆ ಅವಕಾಶವಿಲ್ಲವಲ್ಲ” ಎಂದು ಗುರುತು ಮಾಡಿಕೊಂಡರು. ಫೋಟೊ ತೆಗೆದರು, ಹುಡುಗನ ಕಣ್ಣು ಮುಚ್ಚಿತ್ತು, ಇನ್ನೊಂದು ತೆಗೆದರು.

ವಾರದ ಬಳಿಕ ಕಡತದಲ್ಲಿ ಷರಾ ಬಿದ್ದಿತ್ತು: “ಪರಿಶೀಲನೆಯ ವೇಳೆ ಯಂತ್ರವು ಚಾಲನೆಯಲ್ಲಿರಲಿಲ್ಲ. ವಿವರಣೆ ಪಡೆಯುವುದು.”