ಸ್ಪಷ್ಟನೆ: ಹೊರಾಂಗಣ ಬಾರ್ಬೆಕ್ಯೂ ಅಡುಗೆಮನೆ ಮತ್ತು ತುಕ್ಕಿನ ಮಾತು

ಸ್ಟೇನ್‌ಲೆಸ್ ಸ್ಟೀಲಿನ ಮಾಡ್ಯುಲರ್ ಬಾರ್ಬೆಕ್ಯೂ ಅಡುಗೆಮನೆಗೆ ತುಕ್ಕು ಹಿಡಿಯುವುದೇ ಇಲ್ಲ, ಹಾಗಾಗಿ ಕಡಲತೀರದ ಮನೆಗಳಲ್ಲಿ ಕಲ್ಲಿನ ಕಟ್ಟೆ ಕಟ್ಟಿಸುವುದು ದುಡ್ಡು ದಂಡ ಎಂಬ ಸಂದೇಶವೊಂದು ವಾಟ್ಸ್ಆ್ಯಪ್‌ನಲ್ಲಿ ಹರಿದಾಡುತ್ತಿದೆ. ಇದು ಸರಿಯಲ್ಲ.

ಸಾಮಾನ್ಯವಾಗಿ ಬಳಸುವ 304 ದರ್ಜೆಯ ಉಕ್ಕಿನಲ್ಲಿ ತುಕ್ಕು ತಡೆಯುವ ಕ್ರೋಮಿಯಂ ಶೇ. 18ರಷ್ಟು ಇದ್ದರೂ, ಮಂಗಳೂರು, ಮಲ್ಪೆ, ಕಾರವಾರದಂತಹ ಊರುಗಳ ಉಪ್ಪುಗಾಳಿಯಲ್ಲಿರುವ ಕ್ಲೋರೈಡ್ ಅದರ ಮೇಲಿನ ತೆಳುವಾದ ರಕ್ಷಣಾ ಪದರವನ್ನು ಭೇದಿಸಿ ಸಣ್ಣ ಸಣ್ಣ ಗುಳಿಗಳನ್ನು ಕೊರೆಯಬಲ್ಲದು. ಶೇ. 2ರಿಂದ 3ರಷ್ಟು ಮಾಲಿಬ್ಡಿನಂ ಇರುವ 316 ದರ್ಜೆಯ ಉಕ್ಕು ಇದನ್ನು ಹೆಚ್ಚು ತಡೆಯುತ್ತದೆಯಾದರೂ ಅದನ್ನೂ ಆಗಾಗ ಸಿಹಿನೀರಿನಲ್ಲಿ ತೊಳೆದು ಒರೆಸಬೇಕು. ಉಕ್ಕು ಯಾವ ದರ್ಜೆಯದೆಂದು ತಿಳಿಯಲು ಅಯಸ್ಕಾಂತ ಹಿಡಿದು ನೋಡಿದರೆ ಸಾಕೆಂಬ ಸಲಹೆಯನ್ನಂತೂ ನಂಬಬೇಡಿ. ಎರಡೂ ದರ್ಜೆಗಳಿಗೆ ಅದು ಬಹುತೇಕ ಅಂಟುವುದಿಲ್ಲ. ಬಿಲ್ಲಿನಲ್ಲಿ ದರ್ಜೆಯನ್ನು ಬರೆಸಿಕೊಳ್ಳಿ.

ಕೆಂಪುಕಲ್ಲಿನ ಗೋಡೆ ಕಟ್ಟಿ ಮೇಲೆ ಗ್ರಾನೈಟ್ ಹಾಸಿದ ಕಟ್ಟೆಗೆ ತುಕ್ಕಿನ ಭಯವಿಲ್ಲ, ಅಂಗಳದ ಅಳತೆಗೂ ಅದು ಸರಿಹೊಂದುತ್ತದೆ; ಆದರೆ ಅದನ್ನು ಕಟ್ಟುವಾಗ ಅನೇಕರು ಮರೆಯುವ ಒಂದು ವಿಷಯ ಪ್ರಾಣಕ್ಕೆ ಸಂಬಂಧಿಸಿದ್ದು. ಎಲ್‌ಪಿಜಿ ಗಾಳಿಗಿಂತ ಭಾರವಾದ್ದರಿಂದ, ಸೋರಿದ ಅನಿಲ ಮುಚ್ಚಿದ ಕಟ್ಟೆಯೊಳಗೆ ತಳದಲ್ಲೇ ನಿಲ್ಲುತ್ತದೆ. ಸಿಲಿಂಡರ್ ಇಡುವ ಗೂಡಿನಲ್ಲಿ ನೆಲಮಟ್ಟದಲ್ಲಿ ಹೊರಕ್ಕೆ ತೆರೆದ ಗಾಳಿಕಿಂಡಿಗಳು ಇರಲೇಬೇಕು.

ಬಾಡಿಗೆ ಮನೆಯವರಿಗೆ, ಬೇರೆಡೆಗೆ ಸಾಗಿಸಬಹುದಾದ ಮಾಡ್ಯುಲರ್ ಘಟಕವೇ ಸೂಕ್ತ. ಸ್ವಂತ ಅಂಗಳವಿದ್ದು, ಮಳೆಗಾಲಕ್ಕೆ ಮಾಡು ಹಾಕಿಸುವವರು ಕಲ್ಲಿನ ಕಟ್ಟೆಯನ್ನೇ ಕಟ್ಟಿಸಿಕೊಳ್ಳುವುದು ಮೇಲೆಂದು ನನ್ನ ಅಭಿಪ್ರಾಯ.